ಬೆಂಗಳೂರಿನ ಬಾಡಿಗೆ ಕೈಮೀರಿದೆ: ನಾವಿಬ್ಬರು ಯಾವ ಊರಿಗೆ ಹೋಗಬೇಕು?

ಪ್ರಶ್ನೆ: ಮಾನ್ಯರೇ, ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ, ವಯಸ್ಸು 31. ನನ್ನ ಸಂಗಾತಿಗೆ 34, ಆಕೆ ಕನ್ನಡ ನಾಟಕಗಳಿಗೆ ಬೆಳಕಿನ ವಿನ್ಯಾಸ ಮಾಡುತ್ತಾಳೆ. ನಾವಿಬ್ಬರು ಹೆಂಗಸರು ಕೆಲವು ವರ್ಷಗಳಿಂದ ಬೆಂಗಳೂರಿನಲ್ಲಿ ಸಂಗಾತಿಗಳಾಗಿ ಜೊತೆಯಾಗಿ ಬಾಳುತ್ತಿದ್ದೇವೆ. ನನ್ನ ತಾಯಿಗೆ ವಿಷಯ ಗೊತ್ತಿದೆ, ಸಂಗಾತಿಯ ಮನೆಯವರಿಗೆ ಗೊತ್ತಿಲ್ಲ. ಇಬ್ಬರ ದುಡಿಮೆ ಸೇರಿ ತಿಂಗಳಿಗೆ ಸರಾಸರಿ 65,000 ರೂಪಾಯಿ ಬರುತ್ತದೆ, ಆದರೆ ಕೆಲವು ತಿಂಗಳು ಅದರ ಅರ್ಧವಷ್ಟೇ. ಈ ವರ್ಷ ಮಾಲೀಕರು ಬಾಡಿಗೆಯನ್ನು 22,000ದಿಂದ 27,000ಕ್ಕೆ ಏರಿಸಿದ್ದಾರೆ. ಕೊಚ್ಚಿ, ಕೋಲ್ಕತ್ತ, ಹೈದರಾಬಾದ್, ಮೈಸೂರು ಎಂದು ನಾಲ್ಕು ಊರುಗಳನ್ನು ಯೋಚಿಸಿದ್ದೇವೆ. ಬಾಡಿಗೆ ಕೈಗೆಟುಕುವ, ಕಲಾವಿದರಿಗೆ ಕೆಲಸವಿರುವ, ನಮ್ಮಂಥವರು ನೆಮ್ಮದಿಯಿಂದ ಇರಬಹುದಾದ ಊರು ಇವುಗಳಲ್ಲಿ ಯಾವುದು?
ಹೆಸರು ಬೇಡ, ಬೆಂಗಳೂರು

ಉತ್ತರ: ನೀವು ಕೊಟ್ಟಿರುವ ಅಂಕಿಗಳಿಂದಲೇ ಆರಂಭಿಸೋಣ. ಆದಾಯ ಅರ್ಧಕ್ಕೆ ಇಳಿದ ತಿಂಗಳು ನಿಮ್ಮ ಕೈಗೆ ಬರುವುದು 32,500 ರೂಪಾಯಿ. ಅದರಲ್ಲಿ ಹೊಸ ಬಾಡಿಗೆಯನ್ನು ಕಳೆದರೆ ಇಬ್ಬರ ಊಟ, ಔಷಧ, ಓಡಾಟಗಳಿಗೆ ಉಳಿಯುವುದು ಐದೂವರೆ ಸಾವಿರ ಮಾತ್ರ. ತಿಂಗಳ ಸಂಬಳವಿಲ್ಲದವರು ಬಾಡಿಗೆಯನ್ನು ಸರಾಸರಿ ಆದಾಯಕ್ಕೆ ಹೋಲಿಸಿ ನಿರ್ಧರಿಸಬಾರದು, ಕೆಲಸ ಕಡಿಮೆಯಿರುವ ತಿಂಗಳ ಆದಾಯಕ್ಕೆ ಹೋಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಅಂಥ ತಿಂಗಳಲ್ಲಿಯೂ ಐದರಲ್ಲಿ ಎರಡು ಪಾಲನ್ನು ಮೀರದ ಬಾಡಿಗೆ ಎಂದರೆ ಸುಮಾರು 13,000. ನೀವು ಹುಡುಕಬೇಕಾದದ್ದು ಆ ದರದ ಮನೆಯನ್ನು, ಮತ್ತು ಆ ಮನೆಯಿಂದ ನಿಮ್ಮ ಸಂಗಾತಿಯ ಕೆಲಸಕ್ಕೆ ಇರುವ ದಾರಿಯನ್ನು.

ಅವರ ಕೆಲಸವನ್ನು ಮುಂದಿಟ್ಟು ಹೇಳುವುದಕ್ಕೆ ಕಾರಣವಿದೆ. ನೀವು ಬರೆದ ಚಿತ್ರಗಳು ಯಾವ ಊರಿನಿಂದಾದರೂ ಪ್ರಕಾಶಕರಿಗೆ ಮಿಂಚಂಚೆಯಲ್ಲಿ ತಲುಪುತ್ತವೆ. ಬೆಳಕಿನ ವಿನ್ಯಾಸ ಮಾಡುವವರು ಮಾತ್ರ ತಾಲೀಮಿನಲ್ಲಿ ಕುಳಿತು ನಾಟಕವನ್ನು ನೋಡಬೇಕು, ಪ್ರದರ್ಶನದ ದಿನ ಬೆಳಿಗ್ಗೆಯೇ ರಂಗಮಂದಿರಕ್ಕೆ ಹೋಗಿ ದೀಪಗಳನ್ನು ಕಟ್ಟಿಸಬೇಕು. ಅದಕ್ಕಿಂತ ಮುಖ್ಯವಾಗಿ, ಈ ಕ್ಷೇತ್ರದಲ್ಲಿ ಮುಂದಿನ ಕೆಲಸ ಸಿಗುವುದು ಹಿಂದಿನ ನಾಟಕದ ನಿರ್ದೇಶಕರ ಬಾಯಿಮಾತಿನಿಂದ. ವರ್ಷಗಟ್ಟಲೆ ಕನ್ನಡ ರಂಗಭೂಮಿಯಲ್ಲಿ ಗಳಿಸಿದ ಆ ಪರಿಚಯವು ರಾಜ್ಯದ ಗಡಿ ದಾಟಿದ ಮರುದಿನ ಹೆಚ್ಚಿನ ಪ್ರಯೋಜನಕ್ಕೆ ಬರುವುದಿಲ್ಲ.

ಕಾನೂನಿನ ಮಟ್ಟಿಗೆ ಈ ನಾಲ್ಕು ಊರುಗಳ ನಡುವೆ ನಿಮ್ಮ ಆಯ್ಕೆಯನ್ನು ಬದಲಿಸುವಂಥ ವ್ಯತ್ಯಾಸವಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ನಂತರ ವಯಸ್ಕರ ಸಲಿಂಗ ಸಂಬಂಧವು ದೇಶದ ಯಾವ ಮೂಲೆಯಲ್ಲಿಯೂ ಅಪರಾಧವಲ್ಲ. 2023ರ ಅಕ್ಟೋಬರ್ 17ರ ತೀರ್ಪಿನ ಪ್ರಕಾರ ಸಲಿಂಗ ವಿವಾಹಕ್ಕೆ ಯಾವ ಮೂಲೆಯಲ್ಲಿಯೂ ಮಾನ್ಯತೆ ಇಲ್ಲ. ಸಂಬಂಧದ ಕಾರಣಕ್ಕೆ ಮನೆ ಕೊಡಲು ನಿರಾಕರಿಸುವ ಖಾಸಗಿ ಮಾಲೀಕರನ್ನು ನೇರವಾಗಿ ತಡೆಯುವ ಕಾನೂನು ಈ ನಾಲ್ಕರಲ್ಲಿ ಎಲ್ಲಿಯೂ ನಿಮ್ಮ ನೆರವಿಗೆ ಬರುವುದಿಲ್ಲ. ಹಾಗಾಗಿ ಒಂದು ಊರು ನಿಮ್ಮನ್ನು ಒಪ್ಪುತ್ತದೆಯೇ ಎಂಬ ಪ್ರಶ್ನೆ ಕೊನೆಗೆ ಒಬ್ಬ ಮಾಲೀಕರು, ಒಂದು ಬೀದಿ, ಎರಡು ಪಕ್ಕದ ಮನೆಗಳಿಗೆ ಇಳಿಯುತ್ತದೆ.

ಕೊಚ್ಚಿಯ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಕೇರಳ 2015ರಲ್ಲಿಯೇ ಟ್ರಾನ್ಸ್‌ಜೆಂಡರ್ ನೀತಿಯನ್ನು ಪ್ರಕಟಿಸಿತು. 2017ರಲ್ಲಿ ಕೊಚ್ಚಿ ಮೆಟ್ರೊ ಆರಂಭವಾದಾಗ ಟ್ರಾನ್ಸ್‌ಜೆಂಡರ್ ಸಮುದಾಯದ 23 ಮಂದಿಗೆ ಅಲ್ಲಿ ಕೆಲಸ ಕೊಡಲಾಯಿತು, ದೇಶವೇ ಅದನ್ನು ಮೆಚ್ಚಿತು. ಆದರೆ ಅವರಲ್ಲಿ ಹಲವರು ಕೆಲವೇ ವಾರಗಳಲ್ಲಿ ಕೆಲಸ ಬಿಡಬೇಕಾಯಿತು, ಏಕೆಂದರೆ ಬಾಡಿಗೆಗೆ ಮನೆ ಕೊಡುವವರು ಸಿಗಲಿಲ್ಲ, ಸಿಕ್ಕ ವಸತಿಯ ಖರ್ಚು ಸಂಬಳಕ್ಕೆ ಹೊಂದಲಿಲ್ಲ. ಸರ್ಕಾರದ ನೀತಿ ಒಳ್ಳೆಯದಿದ್ದ ಊರಿನಲ್ಲಿ, ಕೈಯಲ್ಲಿ ಕೆಲಸವಿದ್ದವರಿಗೆ ಹೀಗಾಯಿತು ಎಂಬುದನ್ನು ನೆನಪಿಡಿ. ಕಲೆಯ ವಿಷಯಕ್ಕೆ ಬಂದರೆ, 2012ರಲ್ಲಿ ಆರಂಭವಾದ ಕೊಚ್ಚಿ-ಮುಝಿರಿಸ್ ಬಿನಾಲೆ ಫೋರ್ಟ್ ಕೊಚ್ಚಿ ಮತ್ತು ಮಟ್ಟಾಂಚೇರಿಯ ಹಳೆಯ ಗೋದಾಮುಗಳಿಗೆ ಹೊಸ ಜೀವ ಕೊಟ್ಟಿದ್ದು ನಿಜ. ಆದರೂ ಅದು ಎರಡು ವರ್ಷಕ್ಕೊಮ್ಮೆ ಕೆಲವು ತಿಂಗಳು ನಡೆಯುವ ಉತ್ಸವ, ಅದನ್ನು ನಂಬಿ ವರ್ಷವಿಡೀ ಬಾಡಿಗೆ ಕಟ್ಟಲಾಗದು. ಆ ಬೀದಿಗಳಲ್ಲಿ ಮನೆಯುಳ್ಳವರಿಗೂ ತಿಂಗಳ ಬಾಡಿಗೆದಾರರಿಗಿಂತ ಪ್ರವಾಸಿಗರು ತಂಗುವ ಹೋಂಸ್ಟೇ ಲಾಭದಾಯಕ.

ಕೋಲ್ಕತ್ತದ ಬಗ್ಗೆ ನನಗೆ ಹೆಚ್ಚಿನ ಗೌರವವಿದೆ. 1999ರ ಜುಲೈ 2ರಂದು ಸುಮಾರು ಹದಿನೈದು ಮಂದಿ ಅಲ್ಲಿ ನಡೆಸಿದ ಸ್ನೇಹ ನಡಿಗೆಯನ್ನು ಲೈಂಗಿಕ ಅಲ್ಪಸಂಖ್ಯಾತರು ನಡೆಸುವ ಪ್ರೈಡ್ ಮೆರವಣಿಗೆಗಳಲ್ಲಿ ಭಾರತದ ಮೊದಲನೆಯದು ಎಂದು ಪರಿಗಣಿಸಲಾಗುತ್ತದೆ. ಬೆಂಗಳೂರಿನಲ್ಲಿ ಅಂಥ ಮೆರವಣಿಗೆ ನಡೆದದ್ದು 2008ರಲ್ಲಿ. ಹೆಂಗಸರನ್ನು ಪ್ರೀತಿಸುವ ಹೆಂಗಸರಿಗಾಗಿ ಅದೇ 1999ರಲ್ಲಿ ಹುಟ್ಟಿದ ಸ್ಯಾಫೊ ಎಂಬ ಗುಂಪು ಮುಂದೆ ಸ್ಯಾಫೊ ಫಾರ್ ಈಕ್ವಾಲಿಟಿ ಎಂಬ ಸಂಸ್ಥೆಯಾಗಿ ಬೆಳೆಯಿತು. ಲೈಂಗಿಕ ಅಲ್ಪಸಂಖ್ಯಾತರ ಬಹುಪಾಲು ಗುಂಪುಗಳಲ್ಲಿ ಗಂಡಸರೇ ಹೆಚ್ಚಾಗಿರುವ ನಮ್ಮ ದೇಶದಲ್ಲಿ ಇಬ್ಬರು ಹೆಂಗಸರಿಗೆ ಇದು ಸಣ್ಣ ಆಸರೆಯೇನಲ್ಲ. ಬಾಡಿಗೆಯೂ ಬೆಂಗಳೂರಿಗಿಂತ ಕಡಿಮೆ. ಅಕಾಡೆಮಿ ಆಫ್ ಫೈನ್ ಆರ್ಟ್ಸ್‌ನ ರಂಗಮಂದಿರದಲ್ಲಿ ಗ್ರೂಪ್ ಥಿಯೇಟರ್ ತಂಡಗಳ ನಾಟಕಗಳು ನಿರಂತರವಾಗಿ ನಡೆಯುತ್ತವೆ, ಕಾಲೇಜ್ ಸ್ಟ್ರೀಟ್ ಸುತ್ತಲಿನ ಪ್ರಕಾಶಕರು ಮಕ್ಕಳ ಪುಸ್ತಕಗಳನ್ನು ಹೊರತರುವ ಪರಂಪರೆ ದೀರ್ಘವಾದದ್ದು. ನೀವೊಬ್ಬರೇ ಕೇಳಿದ್ದರೆ, ಬಂಗಾಳಿ ಕಲಿಯುವ ಮನಸ್ಸಿದ್ದರೆ ಹೋಗಿ ಎಂದು ಹೇಳುತ್ತಿದ್ದೆನೇನೋ. ಆದರೆ ಆ ರಂಗಭೂಮಿ ಪೂರ್ತಿಯಾಗಿ ಬಂಗಾಳಿಯದು, ಅಲ್ಲಿ ಸಂಭಾವನೆಯೂ ಬಾಡಿಗೆಯ ಹಾಗೆಯೇ ಕಡಿಮೆ, ಮತ್ತು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ನಿಮ್ಮ ಸಂಗಾತಿ ಸಹಾಯಕರಾಗಿ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಹೈದರಾಬಾದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಂಜಾರಾ ಹಿಲ್ಸ್‌ನಲ್ಲಿ 2010ರಿಂದ ನಡೆಯುತ್ತಿರುವ ಲಾಮಕಾನ್‌ನಂಥ ಮುಕ್ತ ಸಾಂಸ್ಕೃತಿಕ ಅಂಗಳ ಪ್ರತಿ ಊರಿಗೂ ಒಂದು ಬೇಕು ಅನ್ನಿಸುತ್ತದೆ. ಆದರೆ ಭಾಷೆ ಮತ್ತು ಪರಿಚಯದ ತೊಡಕು ಅಲ್ಲಿಯೂ ಇದೆ, ಐ.ಟಿ. ಕಂಪನಿಗಳಿರುವ ಪಶ್ಚಿಮದ ಬಡಾವಣೆಗಳ ಬಾಡಿಗೆಯೂ ಈಚೆಗೆ ಹಗುರವಾಗಿ ಉಳಿದಿಲ್ಲ.

ಉಳಿದದ್ದು ಮೈಸೂರು, ನನ್ನ ಸಲಹೆಯೂ ಅದೇ. ಆ ಊರು ನಿಮ್ಮನ್ನು ತೆರೆದ ತೋಳುಗಳಿಂದ ಬರಮಾಡಿಕೊಳ್ಳುತ್ತದೆ ಎಂಬ ಭ್ರಮೆ ನನಗಿಲ್ಲ. ‘ಫ್ಯಾಮಿಲಿಯವರಿಗೆ ಮಾತ್ರ’ ಎಂದು ಟು-ಲೆಟ್ ಫಲಕದ ಕೆಳಗೆ ಬರೆಯುವವರು, ಮೊದಲ ಭೇಟಿಯಲ್ಲಿಯೇ ಜಾತಿ, ಊಟ, ಮದುವೆ ಮೂರನ್ನೂ ವಿಚಾರಿಸುವವರು ಅಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಿಮ್ಮಂಥವರು ಒಂದೆಡೆ ಸೇರುವ ಭೇಟಿಗಳು ಬೆಂಗಳೂರಿನಷ್ಟು ನಡೆಯುವುದೂ ಇಲ್ಲ. ಆದರೆ ಅಲ್ಲಿ 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಹುಟ್ಟಿದ ರಂಗಾಯಣ ನಾಟಕ ಸಂಸ್ಥೆಯಿದೆ, ಅದರ ಭೂಮಿಗೀತ, ವನರಂಗ ಎಂಬ ರಂಗಮಂದಿರಗಳಿವೆ, ಬಹುರೂಪಿ ನಾಟಕೋತ್ಸವವಿದೆ, ನಟನದಂಥ ರಂಗಶಾಲೆಯಿದೆ, ಹವ್ಯಾಸಿ ತಂಡಗಳಿವೆ. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಎಲ್ಲರೂ ಕಾವಾ ಎಂದು ಕರೆಯುವ ಕಾಲೇಜು, ನಿಮಗೆ ಚಿತ್ರಕಲಾವಿದರ ಸಹವಾಸವನ್ನು ಒದಗಿಸುತ್ತದೆ. ಮೇಲಾಗಿ ಬೆಂಗಳೂರು ಕೈಬಿಟ್ಟು ಹೋಗುವುದಿಲ್ಲ. ಸುಮಾರು 145 ಕಿಲೋಮೀಟರ್ ದೂರ, ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ಎರಡೂವರೆಯಿಂದ ಮೂರೂವರೆ ಗಂಟೆಯ ದಾರಿ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳ ಪ್ರಯಾಣ ಉಚಿತವಾಗಿರುವುದನ್ನು ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಿ. ರಾಜ್ಯ ಬಿಟ್ಟರೆ ಈ ಅನುಕೂಲವೂ ತಪ್ಪುತ್ತದೆ. ಬಾಡಿಗೆಯಲ್ಲಿ ತಿಂಗಳಿಗೆ 14,000 ಉಳಿದರೆ, ನಿಮ್ಮ ಸಂಗಾತಿ ನಾಲ್ಕು ಸಲ ಬೆಂಗಳೂರಿಗೆ ಹೋಗಿ ಬಂದರೂ ಅದರ ಬಹುಪಾಲು ಕೈಯಲ್ಲಿ ನಿಲ್ಲುತ್ತದೆ. ರಂಗಶಂಕರದಲ್ಲಿ ಸಂಜೆ ಏಳೂವರೆಗೆ ಶುರುವಾಗುವ ನಾಟಕ ಮುಗಿದು, ದೀಪಗಳನ್ನು ಇಳಿಸಿ ಹೊರಬರುವಾಗ ತಡರಾತ್ರಿಯಾಗುತ್ತದೆ. ಅಂಥ ದಿನಗಳಿಗೆ ಜೆ.ಪಿ. ನಗರದ ಆಸುಪಾಸಿನಲ್ಲಿ ತಂಗಲು ಒಬ್ಬ ಗೆಳತಿಯ ಮನೆ ಇರಬೇಕು, ಅದನ್ನು ಈಗಲೇ ಮಾತಾಡಿಟ್ಟುಕೊಳ್ಳಿ.

ಮೈಸೂರಿನಲ್ಲಿ ಎಲ್ಲಿ ಎಂಬುದು ಊರಿನ ಆಯ್ಕೆಯಷ್ಟೇ ಮುಖ್ಯ. ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರಿಗೆ ಮನೆ ಕೊಟ್ಟು ಪಳಗಿರುವ ಮಾಲೀಕರು ಬಾಡಿಗೆದಾರರ ಖಾಸಗಿ ಬದುಕಿನ ಬಗ್ಗೆ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಅದೇ ಕಾರಣಕ್ಕೆ ಅಲ್ಲಿ ಬಾಡಿಗೆ ಹೆಚ್ಚು. ನಿಮ್ಮ 13,000ಕ್ಕೆ ಸರಸ್ವತಿಪುರಂ, ಕುವೆಂಪುನಗರ ಅಥವಾ ಮಾನಸಗಂಗೋತ್ರಿಯ ಸುತ್ತಮುತ್ತ ಹುಡುಕುವುದು ಮೇಲು. ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಮನೆ ಕೊಟ್ಟು ರೂಢಿಯಿರುವ ಆ ಬೀದಿಗಳಲ್ಲಿ ಇಬ್ಬರು ಹೆಂಗಸರು ಒಟ್ಟಿಗೆ ಇರುವುದು ಯಾರ ಹುಬ್ಬನ್ನೂ ಏರಿಸುವುದಿಲ್ಲ. ಮಾಲೀಕರು ಕೆಳಗಡೆಯೇ ಇರುವ ಮಹಡಿ ಮನೆಯನ್ನು ಆದಷ್ಟು ತಪ್ಪಿಸಿ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಕೊಡುವ ಮೊದಲು ರಂಗಾಯಣದ ಮತ್ತು ಕಾವಾದ ಪರಿಚಿತರಲ್ಲಿ ವಿಚಾರಿಸಿ. ಕಲಾವಿದರಿಗೆ ಈ ಹಿಂದೆ ಮನೆ ಕೊಟ್ಟಿರುವ ಮಾಲೀಕರು ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬರುವ ಬಾಡಿಗೆದಾರರನ್ನು ಆಗಲೇ ಕಂಡಿರುತ್ತಾರೆ.

ಮಾಲೀಕರಿಗೆ ಏನು ಹೇಳಬೇಕು ಎಂದು ನೀವು ಕೇಳಿಲ್ಲ, ಆದರೆ ಆ ಪ್ರಶ್ನೆ ಬಂದೇ ಬರುತ್ತದೆ. ಅಕ್ಕ-ತಂಗಿ ಎಂದು ಮಾತ್ರ ಹೇಳಬೇಡಿ. ಬಾಡಿಗೆ ಕರಾರಿಗೂ ಬಾಡಿಗೆದಾರರ ಪೊಲೀಸ್ ಪರಿಶೀಲನೆಗೂ ಇಬ್ಬರ ಆಧಾರ್ ಕಾರ್ಡ್ ಕೇಳಿದರೆ ಆ ಸುಳ್ಳು ಅಲ್ಲಿಯೇ ಬಯಲಾಗುತ್ತದೆ, ಆಮೇಲೆ ನೀವು ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ. ಗೆಳತಿಯರು, ಇಬ್ಬರೂ ಕಲಾವಿದರು, ಎಂದರೆ ಸಾಕು, ಅದು ಸತ್ಯವೂ ಹೌದು. ಹನ್ನೊಂದು ತಿಂಗಳ ಕರಾರು ಪತ್ರದಲ್ಲಿ ಇಬ್ಬರ ಹೆಸರೂ ಇರುವಂತೆ ನೋಡಿಕೊಳ್ಳಿ. ಮುಂದೊಂದು ದಿನ ಒಬ್ಬರ ಮನೆಯವರು ಬಂದು ಇನ್ನೊಬ್ಬರನ್ನು ‘ಹೊರಗಿನವಳು’ ಎಂದು ಹೊರಗೆ ಹಾಕಲು ಯತ್ನಿಸಿದರೆ ಆಗ ನಿಮ್ಮ ಕೈಯಲ್ಲಿರುವ ಆಧಾರ ಆ ಪತ್ರವೇ. ಸಂಗಾತಿಯ ಮನೆಯವರಿಗೆ ವಿಷಯ ಗೊತ್ತಿಲ್ಲವೆಂದು ಬರೆದಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇದೇ ಕಾರಣಕ್ಕೆ ಇನ್ನೂ ಕೆಲವು ಕಾಗದಪತ್ರಗಳನ್ನು ಊರು ಬದಲಿಸುವ ಹೊತ್ತಿನಲ್ಲಿಯೇ ಮಾಡಿಸಿಬಿಡಿ. ಸಲಿಂಗ ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಪರಸ್ಪರರನ್ನು ನಾಮಿನಿಯಾಗಿ ಹೆಸರಿಸಲು ಯಾವ ಅಡ್ಡಿಯೂ ಇಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯವು 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಶಾಖೆಯಲ್ಲಿ ಯಾರಾದರೂ ತಕರಾರು ತೆಗೆದರೆ ಇದನ್ನು ತಿಳಿಸಿ. ಪಡಿತರ ಚೀಟಿಯಲ್ಲಿ ಇಂಥ ಸಂಗಾತಿಗಳನ್ನು ಒಂದೇ ಕುಟುಂಬವೆಂದು ಪರಿಗಣಿಸಬೇಕೆಂಬ ಸಲಹೆಯೂ ಕೇಂದ್ರದಿಂದ ರಾಜ್ಯಗಳಿಗೆ ಹೋಗಿದೆ. ಉತ್ತರಾಧಿಕಾರದ ಕಾನೂನು ಮಾತ್ರ ನಿಮ್ಮಿಬ್ಬರನ್ನು ಪರಸ್ಪರರ ವಾರಸುದಾರರೆಂದು ಗುರುತಿಸುವುದಿಲ್ಲ, ಮತ್ತು ನಾಮಿನಿಯಾದ ಮಾತ್ರಕ್ಕೆ ಹಣ ತಮ್ಮದಾಗುತ್ತದೆ ಎಂದು ಅನೇಕರು ತಪ್ಪು ತಿಳಿದಿರುತ್ತಾರೆ. ಆದ್ದರಿಂದ ವಕೀಲರ ನೆರವಿನಿಂದ ಇಬ್ಬರೂ ವಿಲ್ ಬರೆಸಿ ನೋಂದಣಿ ಮಾಡಿಸುವುದು ಒಳ್ಳೆಯದು.

ಈಗಿನ ಮನೆಯನ್ನು ತಕ್ಷಣ ಬಿಟ್ಟುಬಿಡಬೇಡಿ. ಮೊದಲು ಒಂದು ತಿಂಗಳ ಮಟ್ಟಿಗೆ ಮೈಸೂರಿನಲ್ಲಿ ಸಜ್ಜಾದ ಕೋಣೆಯೊಂದನ್ನು ಹಿಡಿಯಿರಿ, ಸಾಧ್ಯವಾದರೆ ಬೆಂಗಳೂರಿನಲ್ಲಿ ನಿಮ್ಮ ಸಂಗಾತಿಗೆ ಹೆಚ್ಚು ಪ್ರದರ್ಶನಗಳಿರುವ ತಿಂಗಳಲ್ಲಿಯೇ, ಏಕೆಂದರೆ ಓಡಾಟವನ್ನು ದೇಹ ತಾಳುತ್ತದೆಯೇ ಎಂಬುದು ಬಿಡುವಿನ ತಿಂಗಳಲ್ಲಿ ತಿಳಿಯುವುದಿಲ್ಲ. ಅನಂತರ ಕರಾರಿನಲ್ಲಿ ಬರೆದಿರುವ ಅವಧಿಗೆ ಸರಿಯಾಗಿ ಲಿಖಿತ ನೋಟಿಸ್ ಕೊಡಿ. ಬೆಂಗಳೂರಿನ ಮಾಲೀಕರು ಬಣ್ಣ ಹೊಡೆಸುವ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಮುಂಗಡದಿಂದ ಮುರಿದುಕೊಳ್ಳುವುದು ವಾಡಿಕೆಯಾಗಿರುವುದರಿಂದ, ಹೊಸ ಮನೆಗೆ ಕೊಡಬೇಕಾದ ಮುಂಗಡವನ್ನು ಹಿಂದಿರುಗಿ ಬರುವ ಆ ಹಣದ ಮೇಲೆಯೇ ಲೆಕ್ಕ ಹಾಕಬೇಡಿ.