ಲ್ಯಾಪ್‌ಟಾಪ್ ಚಾರ್ಜಿಂಗ್ ಜ್ಯಾಕ್ ಮನೆಯಲ್ಲೇ ಸೋಲ್ಡರ್ ಮಾಡಲು 25 ವ್ಯಾಟ್ ಐರನ್ ಸಾಕಾ? ಬೇರೆ ಏನೇನು ಬೇಕು?

ಸಾಕಾಗುವುದಿಲ್ಲ ಮಾರಾಯ್ರೆ. ಉಡುಪಿಯ ನಮ್ಮ ಮನೆಯಲ್ಲಿ ನಾನು ಮೊದಲ ಜ್ಯಾಕ್ ಕಿತ್ತದ್ದು ಅಂಥದ್ದೇ ಐರನ್‌ನಲ್ಲಿ. ಜ್ಯಾಕ್ ಬಂತು, ಜೊತೆಗೆ ಬೋರ್ಡಿನ ತಾಮ್ರದ ಪ್ಯಾಡ್ (ಪಿನ್ ಬೆಸೆಯುವ ಜಾಗ) ಕೂಡ ಎದ್ದು ಬಂತು. ನಿಮಗೆ ಹಾಗಾಗಬಾರದು.

ಮೊದಲು ಬಿಚ್ಚಿ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಜ್ಯಾಕ್ ವೈರ್ ಸಮೇತ ಇರುತ್ತದೆ. ಹೊಸತು ತಂದು ಸಿಕ್ಕಿಸಿದರೆ ಆಯಿತು, ಸೋಲ್ಡರಿಂಗೇ ಬೇಡ.

ಬೋರ್ಡಿಗೇ ಸೋಲ್ಡರ್ ಆಗಿದ್ದರೆ ಕಷ್ಟ ಇರುವುದು ಗ್ರೌಂಡ್ ಪಿನ್‌ನಲ್ಲಿ. ಅದು ಬೋರ್ಡಿನೊಳಗಿನ ಅಗಲವಾದ ತಾಮ್ರದ ಪದರಕ್ಕೆ ಸೇರಿರುತ್ತದೆ. ಕೊಟ್ಟ ಬಿಸಿಯನ್ನೆಲ್ಲ ಆ ಪದರ ಎಳೆದುಕೊಳ್ಳುತ್ತದೆ. ಸಣ್ಣ ಐರನ್ ಒತ್ತಿ ಹಿಡಿದರೆ ಸೋಲ್ಡರ್ ಕರಗುವ ಮೊದಲು ಪ್ಯಾಡ್ ಬಿಡುತ್ತದೆ. ಅದಕ್ಕೇ ಟೆಂಪರೇಚರ್ ಕಂಟ್ರೋಲ್ ಇರುವ 60 ವ್ಯಾಟ್ ಸ್ಟೇಷನ್ ತಗೊಳ್ಳಿ. ಬಿಟ್, ಅಂದರೆ ಐರನ್‌ನ ತುದಿ, ಸೂಜಿಯಂಥದ್ದು ಬೇಡ, ಉಳಿಯಂತೆ ಚಪ್ಪಟೆ ಇರಲಿ. 350 ಡಿಗ್ರಿ ಆಸುಪಾಸು ಇಡಿ.

ಜೊತೆಗೆ ಒಳ್ಳೆ ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹರಿಯಲು ಹಚ್ಚುವ ಅಂಟು), 63/37 ಸೋಲ್ಡರ್ ವೈರ್ (63 ಪಾಲು ತವರ, 37 ಪಾಲು ಲೆಡ್), ತಾಮ್ರದ ವಿಕ್ (ಕರಗಿದ ಸೋಲ್ಡರ್ ಹೀರುವ ಜಡೆ), ಮಲ್ಟಿಮೀಟರ್. ಈಗಿನ ಬೋರ್ಡ್‌ಗಳ ಲೆಡ್-ಫ್ರೀ ಸೋಲ್ಡರ್ ಸುಮಾರು 217 ಡಿಗ್ರಿಗೆ ಕರಗುತ್ತದೆ, 63/37 ಆದರೆ 183ಕ್ಕೇ. ಹಳೆ ಜಾಯಿಂಟಿಗೆ ಫ್ಲಕ್ಸ್ ಹಚ್ಚಿ, 63/37 ಸ್ವಲ್ಪ ಸೇರಿಸಿ. ಎರಡೂ ಬೆರೆತರೆ ಬೇಗ ಕರಗುತ್ತದೆ. ಆಮೇಲೆ ವಿಕ್ ಇಟ್ಟು ಮೇಲಿಂದ ಬಿಟ್ ಒತ್ತಿ. ತಾಮ್ರದ ಬಣ್ಣ ನಿಧಾನಕ್ಕೆ ಬೆಳ್ಳಿಯಾಗುತ್ತಾ ಬರುತ್ತದೆ. ಆಗ ವಿಕ್, ಐರನ್ ಎರಡನ್ನೂ ಒಟ್ಟಿಗೇ ಎತ್ತಿ. ಐರನ್ ಮೊದಲು ತೆಗೆದರೆ ವಿಕ್ ಅಲ್ಲೇ ಅಂಟಿಕೊಳ್ಳುತ್ತದೆ, ಎಳೆದರೆ ಪ್ಯಾಡ್ ಹೋಯಿತು. ಬೋರ್ಡನ್ನು ಲೈಟಿಗೆ ಹಿಡಿದಾಗ ತೂತಿನಲ್ಲಿ ಬೆಳಕು ಕಾಣಬೇಕು. ಕಾಣದಿದ್ದರೆ ಹೊಸ ಜ್ಯಾಕ್ ತುರುಕಬೇಡಿ.

ಇದೆಲ್ಲ ನಿಮ್ಮ ಲ್ಯಾಪ್‌ಟಾಪ್ ಮೇಲೆ ಕಲಿಯಬೇಡಿ, ದಯವಿಟ್ಟು. ಗುಜರಿಯಿಂದ ಒಂದು ಸತ್ತ ಬೋರ್ಡ್ ತನ್ನಿ. ಅದರ ಹತ್ತು ಗ್ರೌಂಡ್ ಪಿನ್ ಪ್ಯಾಡ್ ಏಳದಂತೆ ಕಿತ್ತ ಮೇಲೆ ನಿಮ್ಮದಕ್ಕೆ ಕೈ ಹಾಕಿ.

ಕೆಲಸದ ದಿನ ಬ್ಯಾಟರಿ ಪ್ಲಗ್ ಮೊದಲು ತೆಗೆಯಿರಿ. ಸ್ಕ್ರೂಗಳನ್ನು ಕಾಗದದಲ್ಲಿ ಜಾಗ ಬರೆದು ಇಡಿ, ಉದ್ದ ಬೇರೆ ಬೇರೆ ಇರುತ್ತದೆ. ಮಳೆ ಅಂತ ಕಿಟಕಿ ಮುಚ್ಚಬೇಡಿ, ಹೊಗೆ ಹೊರಗೆ ಹೋಗಲಿ. ಚಾ ಕುಡಿಯುವ ಮೊದಲು ಕೈ ತೊಳೆಯಿರಿ, ಅದು ಲೆಡ್ ಅಲ್ವಾ. ಮುಗಿದ ಮೇಲೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಬ್ರಷ್‌ನಲ್ಲಿ ಉಜ್ಜಿ. ನಮ್ಮ ಕಡಲ ತೇವಕ್ಕೆ ಉಳಿದ ಫ್ಲಕ್ಸ್ ಇರುವಲ್ಲಿ ಹಸಿರು ಹಿಡಿಯುತ್ತದೆ.

ಅಡಾಪ್ಟರ್ ಹಾಕುವ ಮುಂಚೆ ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ ಹಾಕಿ ಜ್ಯಾಕಿನ ಪ್ಲಸ್-ಗ್ರೌಂಡ್ ನಡುವೆ ಇಡಿ. ಒಂದು ಕ್ಷಣ ಬೀಪ್ ಬಂದು ನಿಂತರೆ ಸಾಮಾನ್ಯವಾಗಿ ಅದು ಕೆಪಾಸಿಟರ್. ನಿಲ್ಲದೆ ಬೀಪ್ ಬರುತ್ತಿದ್ದರೆ ಶಾರ್ಟ್ ಇದೆ, ಅಡಾಪ್ಟರ್ ಮುಟ್ಟಲೇಬೇಡಿ.