ಈಜುಕೊಳ ಉಳಿಸಲು ಹೊರಟವರು ಮೊದಲು ಪಂಪ್ ಮನೆ ನೋಡಿ

ಮೇಡಂ, ನಿಮ್ಮ ಬಡಾವಣೆಯ ಪಾಲಿಕೆ ಈಜುಕೊಳಕ್ಕೆ ಬೀಗ ಬಿದ್ದಿದೆಯೆಂದೂ, ಸಹಿ ಸಂಗ್ರಹಿಸಿ ಸೋಮವಾರ ಆಯುಕ್ತರಿಗೆ ಮನವಿ ಕೊಡುವುದಾಗಿಯೂ ಬರೆದಿದ್ದೀರಿ. ಕರಡನ್ನು ಓದಿದೆ. ಅದರಲ್ಲಿರುವ "ಕೊಳವನ್ನು ನವೀಕರಿಸಿ ತೆರೆಯಬೇಕು" ಎಂಬ ಸಾಲನ್ನು ದಯವಿಟ್ಟು ತೆಗೆದುಬಿಡಿ. ನಮ್ಮೂರಿನಲ್ಲಿ ನಾವು ಬರೆದುಕೊಟ್ಟದ್ದೂ ಇದೇ ಸಾಲು. ನವೀಕರಣವೂ ಆಯಿತು: ಹೊಸ ಟೈಲ್ಸ್, ಗ್ರಾನೈಟ್ ಮೆಟ್ಟಿಲು, ದೊಡ್ಡ ಗೇಟು, ಉದ್ಘಾಟನೆಯ ಕಲ್ಲು. ಪಂಪ್ ಮನೆಯೊಳಗೆ ಮಾತ್ರ ಯಾರೂ ಕಾಲಿಡಲಿಲ್ಲ. ಅಲ್ಲಿ ಫಿಲ್ಟರಿನ ಮರಳು ಸುಣ್ಣ ಹಿಡಿದು ಹೆಂಟೆ ಕಟ್ಟಿತ್ತು, ಒತ್ತಡದ ಮೀಟರಿನ ಮುಳ್ಳು ತುಕ್ಕು ಹಿಡಿದು ಒಂದೇ ಕಡೆ ನಿಂತಿತ್ತು. ಬೇಸಿಗೆ ಮುಗಿಯುವಷ್ಟರಲ್ಲಿ ನೀರು ಪಾಚಿಗಟ್ಟಿ ಮತ್ತೆ ಬೀಗ ಬಿತ್ತು. ಈಗಷ್ಟೇ ಅಷ್ಟು ಹಣ ಸುರಿದಿದ್ದೇವಲ್ಲ ಎಂದು ಎರಡನೇ ಸಲ ನಮ್ಮ ಮಾತಿಗೆ ಯಾರೂ ಕಿವಿಗೊಡಲಿಲ್ಲ.

ಆದ್ದರಿಂದ ಸಹಿಗಿಂತ ಮೊದಲು ಕಡತ. ಮಾಹಿತಿ ಹಕ್ಕಿನಲ್ಲಿ "ಏಕೆ ಮುಚ್ಚಿದ್ದೀರಿ" ಎಂದು ಕೇಳಿದರೆ "ತಾಂತ್ರಿಕ ಕಾರಣ" ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ಅದರ ಬದಲು ಕಡತ ಪರಿಶೀಲನೆಗೆ ಅವಕಾಶ ಕೇಳಿ. ಕಾಯ್ದೆಯ ಕಲಂ 2(ಜೆ) ಪ್ರಕಾರ ದಾಖಲೆಗಳಷ್ಟೇ ಅಲ್ಲ, ಕಾಮಗಾರಿಯನ್ನೂ ಪರಿಶೀಲಿಸುವ ಹಕ್ಕು ನಮಗಿದೆ. ಪಂಪ್ ಮನೆಯ ಬಾಗಿಲು ತೆರೆಸುವುದು ಇದೇ ಕಲಂ. ನಮ್ಮ ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಹೀಗಾಗಿ ನಿರ್ವಹಣಾ ಗುತ್ತಿಗೆಗೆ ಒಂದು, ವಿದ್ಯುತ್ ಬಿಲ್ಲಿಗೆ ಒಂದು, ದುರಸ್ತಿಯ ಅಂದಾಜು ಪಟ್ಟಿಗೆ ಇನ್ನೊಂದು ಅರ್ಜಿ ಹಾಕಿ, ಪ್ರತಿಯೊಂದಕ್ಕೂ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಸುಮ್ಮನೆ ಕೂರಬೇಡಿ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹೋಗಲೇಬೇಕು. ಪರಿಶೀಲನೆಗೆ ಪಂಪ್ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆತರಲು ಅನುಮತಿಯನ್ನು ಅರ್ಜಿಯಲ್ಲೇ ಕೇಳಿಕೊಳ್ಳಿ.

ಎರಡನೆಯದು ನೀರಿನ ಲೆಕ್ಕ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿದ ಮೇಲಂತೂ, ಕೊಳವೆಂದರೆ ನೀರಿನ ಪೋಲು ಎಂಬ ವಾದ ಎಲ್ಲ ಊರುಗಳಲ್ಲೂ ಸಲೀಸಾಗಿ ಕೇಳಿಬರುತ್ತದೆ. ಇದಕ್ಕೆ ಉತ್ತರ ಬಕೆಟ್ ಪರೀಕ್ಷೆ. ಮೆಟ್ಟಿಲ ಮೇಲೆ ಬಕೆಟ್ ಇಟ್ಟು, ಕೊಳದ ಮಟ್ಟಕ್ಕೇ ಅದರಲ್ಲೂ ನೀರು ತುಂಬಿ, ಎರಡಕ್ಕೂ ಗುರುತು ಹಾಕಿ, ಒಂದು ಹಗಲು ಒಂದು ರಾತ್ರಿ ಬಿಡಿ. ಬಕೆಟ್ಟಿನಲ್ಲಿ ಇಳಿದದ್ದು ಆವಿಯಾದ ನೀರು. ಕೊಳದಲ್ಲಿ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಅದು ಸೋರಿಕೆ. 25 ಮೀಟರ್ ಉದ್ದ, 12.5 ಮೀಟರ್ ಅಗಲದ ಕೊಳದಲ್ಲಿ ಒಂದು ಸೆಂಟಿಮೀಟರ್ ಇಳಿದರೆ 3,125 ಲೀಟರ್ ಹೋದಂತೆ. ಮಳೆ ಬಂದ ದಿನ ಈ ಪರೀಕ್ಷೆ ಬೇಡ. ಪಾಲಿಕೆಯ ಎಂಜಿನಿಯರರನ್ನು ಎದುರಿಗೆ ನಿಲ್ಲಿಸಿಕೊಂಡೇ ಮಾಡಿ, ಇಲ್ಲವಾದರೆ ನಿಮ್ಮ ಅಂಕಿಯನ್ನು ಯಾರೂ ಒಪ್ಪುವುದಿಲ್ಲ.

ನಿಂತ ನೀರಿನಲ್ಲಿ ಸೊಳ್ಳೆಯಾಗುತ್ತದೆ, ಕೊಳವನ್ನು ಪೂರ್ತಿ ಖಾಲಿ ಮಾಡಿಸಿ ಎಂದು ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಸಲಹೆ ಕೊಟ್ಟಿದ್ದಾರೆ. ತಿಳಿಯದೆ ಇಂಥ ಮಾತು ಆಡಬಾರದು. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿದಾಗ ಖಾಲಿ ಕೊಳದ ತಳವನ್ನು ಕೆಳಗಿನ ಒತ್ತಡ ಎತ್ತಿಬಿಡುತ್ತದೆ, ಕಾಂಕ್ರೀಟು ಬಿರಿಯುತ್ತದೆ. ಆಮೇಲೆ ಕೊಳವನ್ನು ಕೆಡವುವುದೇ ಸರಿ ಎನ್ನಲು ಪಾಲಿಕೆಯವರಿಗೆ ನೆಪ ಸಿಕ್ಕಂತಾಗುತ್ತದೆ. ಆರೋಗ್ಯ ಇಲಾಖೆಯವರನ್ನು ಕೇಳಿ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಬಿಡಿಸಿ, ಆದರೆ ನೀರಿನಲ್ಲಿ ಕ್ಲೋರಿನ್ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ.

ಮನವಿಯಲ್ಲಿ ಕೇಳಬೇಕಾದದ್ದು ಗುತ್ತಿಗೆಯ ಷರತ್ತುಗಳನ್ನು. ನೀರಿನ ಗುಣಮಟ್ಟ ಈಜುಕೊಳದ ನೀರಿಗೆಂದೇ ಇರುವ ಭಾರತೀಯ ಮಾನಕ ಐಎಸ್ 3328ರಂತೆ ಇರಬೇಕು, ಪಿಎಚ್ (ನೀರಿನ ಆಮ್ಲ-ಕ್ಷಾರದ ಮಟ್ಟ) ಮತ್ತು ಮುಕ್ತ ಕ್ಲೋರಿನ್ (ಕ್ರಿಮಿ ಕೊಲ್ಲಲು ನೀರಿನಲ್ಲಿ ಉಳಿದಿರುವ ಕ್ಲೋರಿನ್) ಅಳತೆಯನ್ನು ದಿನವೂ ಬಾಗಿಲ ಬಳಿಯ ಫಲಕದಲ್ಲಿ ಬರೆಯಬೇಕು, ತೆರೆದಿರುವಷ್ಟೂ ಹೊತ್ತು ತರಬೇತಾದ ಜೀವರಕ್ಷಕರಿರಬೇಕು, ಶುಲ್ಕವನ್ನು ಪಾಲಿಕೆಯ ಒಪ್ಪಿಗೆಯಿಲ್ಲದೆ ಏರಿಸಬಾರದು, ಮಹಿಳೆಯರಿಗೂ ಸರ್ಕಾರಿ ಶಾಲೆಯ ಮಕ್ಕಳಿಗೂ ಹೊತ್ತು ಮೀಸಲಿರಬೇಕು. ಕೊನೆಯದನ್ನು ಬಿಟ್ಟುಕೊಡಲೇಬೇಡಿ, ದುಡ್ಡಿದ್ದವರಿಗೆ ಕ್ಲಬ್ಬುಗಳಿವೆ, ಈ ಮಕ್ಕಳಿಗೆ ಇರುವುದು ಇದೊಂದೇ ಕೊಳ. ಪಂಪು ಕಿರ್ಲೋಸ್ಕರ್ ಇರಲಿ, ಸಿಆರ್‌ಐ ಇರಲಿ, ಬಿಡಿಭಾಗ ನಿಮ್ಮೂರ ಅಂಗಡಿಯಲ್ಲೇ ಸಿಗುವಂಥದ್ದಾಗಲಿ, ವಿದೇಶಿ ಪಂಪಿನ ಮೋಹ ಬೇಡ. ಕ್ಲೋರಿನ್ ಅಳೆಯುವ ಪರೀಕ್ಷಾ ಕಿಟ್ಟು ಗುಲಾಬಿ ಬಣ್ಣ ತೋರಿಸುವ ಡಿಪಿಡಿ ಮಾದರಿಯದೇ ಆಗಬೇಕು. ಹಳದಿ ಬಣ್ಣ ತೋರಿಸುವ ಓಟಿಒ ಕಿಟ್ಟಿನಿಂದ ಮುಕ್ತ ಕ್ಲೋರಿನ್ ಎಷ್ಟೆಂದು ತಿಳಿಯುವುದಿಲ್ಲ. ಬ್ಲೀಚಿಂಗ್ ಪೌಡರನ್ನು ಅಂದಾಜಿನ ಮೇಲೆ ಸುರಿಯುವುದನ್ನು ನಿಲ್ಲಿಸಿ, ಮರಳು ಗಟ್ಟಿಯಾಗುವುದು ಅದರ ಸುಣ್ಣದಿಂದಲೇ. ಅದನ್ನು ಟಿಸಿಸಿಎ ಎಂಬ ಇನ್ನೊಂದು ಬಗೆಯ ಕ್ಲೋರಿನ್ ಪುಡಿಯೊಂದಿಗೆ ಎಂದಿಗೂ ಬೆರೆಸಕೂಡದು, ವಿಷಾನಿಲವೇಳುತ್ತದೆ, ಸಿಡಿಯಲೂಬಹುದು.

ನಿವಾಸಿಗಳ ಸಂಘವೇ ಕೊಳವನ್ನು ವಹಿಸಿಕೊಳ್ಳಬಹುದೇ ಎಂದೂ ಕೇಳಿದ್ದೀರಿ. ಆಗದ್ದೇನಲ್ಲ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಗರಾಡಳಿತ 1991ರಲ್ಲಿ ಮುಚ್ಚಿದ ಜೆಸ್ಮಂಡ್ ಕೊಳವನ್ನು ಸ್ಥಳೀಯರೇ 1992ರಲ್ಲಿ ಮತ್ತೆ ತೆರೆದು ನಡೆಸಿಕೊಂಡು ಬಂದಿದ್ದಾರೆ. ಆದರೆ ಅವಘಡವಾದರೆ ಹೊಣೆ ಯಾರದು, ವಿಮೆ ಯಾರ ಹೆಸರಿನಲ್ಲಿ, ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ ಎಂಬುದು ಬರಹದಲ್ಲಿ ಇತ್ಯರ್ಥವಾಗುವವರೆಗೆ ಕೀಲಿಕೈ ಮಾತ್ರ ತೆಗೆದುಕೊಳ್ಳಬೇಡಿ. ಸೋಮವಾರ ಮನವಿಯ ಎರಡನೇ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ, ತಿದ್ದಿದ ಕರಡನ್ನು ಅದಕ್ಕೆ ಮೊದಲೇ ಇಲ್ಲಿ ಹಾಕಿದರೆ ನೋಡಿಕೊಡುತ್ತೇನೆ.