ಲೆಕ್ಕ ಕೂಡಿ ಬರದ ಜಾಗದಲ್ಲೇ ನಿಮ್ಮ ಲೇಖನ ಇದೆ

ನಮಸ್ಕಾರ.

ನೀವು ಕಳಿಸಿದ ‘ಜೀವಲೋಕದ ಜೆರಾಕ್ಸ್ ಅಂಗಡಿ’ ಓದಿದೆ. ಬ್ಯಾಕ್ಟೀರಿಯಾ ಮತ್ತು ಅವುಗಳ ಮೇಲೆ ಎರಗುವ ಫೇಜ್ ವೈರಸ್‌ಗಳು ಡಿಎನ್‌ಎ ನಕಲು ಮಾಡಿಕೊಳ್ಳುವ ಬಗೆಯನ್ನು ಕನ್ನಡದಲ್ಲಿ ಬರೆಯಲು ಕೈಹಾಕುವವರೇ ಕಡಿಮೆ, ಅದಕ್ಕೇ ಸಾವಧಾನವಾಗಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆಂದು ಹೇಳದೆ ವಾಪಸ್ ಕಳಿಸಲು ಮನಸ್ಸಾಗಲಿಲ್ಲ, ಪತ್ರ ಉದ್ದವಾಯಿತು.

ಮೊದಲ ಪುಟವೆಲ್ಲ ಜೆರಾಕ್ಸ್ ಅಂಗಡಿಯಲ್ಲೇ ಕಳೆದುಹೋಗಿದೆ. ಜೆರಾಕ್ಸಿನಲ್ಲಿ ಮೂಲ ಪ್ರತಿ ಹಾಗೇ ಉಳಿದು ಹೊಸ ಹಾಳೆ ಹೊರಬರುತ್ತದೆ. ಡಿಎನ್‌ಎಯ ಎರಡು ಎಳೆಗಳಾದರೋ ಬೇರೆಯಾಗಿ, ಒಂದೊಂದು ಮರಿಕೋಶಕ್ಕೂ ಒಂದು ಹಳೆ ಎಳೆ, ಒಂದು ಹೊಸ ಎಳೆ ಸಿಗುತ್ತದೆ. 1958ರಲ್ಲಿ ವಿಜ್ಞಾನಿಗಳಾದ ಮೆಸೆಲ್ಸನ್ ಮತ್ತು ಸ್ಟಾಲ್, ಕರುಳಿನಲ್ಲಿ ಬದುಕುವ ಇ. ಕೋಲೈ ಬ್ಯಾಕ್ಟೀರಿಯಾಗೆ ಭಾರದ ಸಾರಜನಕ ಉಣಿಸಿ ತೋರಿಸಿಕೊಟ್ಟದ್ದು ಇದನ್ನೇ. ಆ ಪ್ರಯೋಗವನ್ನು ನೀವೇ ಐದನೇ ಪುಟದಲ್ಲಿ ಚೆನ್ನಾಗಿ ವಿವರಿಸಿದ್ದೀರಿ. ಅಲ್ಲಿಗೆ ನಿಮ್ಮ ಅಂಗಡಿಗೆ ನೀವೇ ಬೀಗ ಹಾಕಿದಂತಾಯಿತು.

ಅದು ಹೋಗಲಿ. ನನಗೆ ನಿಜಕ್ಕೂ ಹೊಟ್ಟೆ ಉರಿದದ್ದು ಎರಡನೇ ಪುಟದಲ್ಲಿ. ‘ಇ. ಕೋಲೈ ತನ್ನ ಡಿಎನ್‌ಎ ನಕಲು ಮಾಡಲು 40 ನಿಮಿಷ ಬೇಕು’ ಎಂದು ಬರೆದಿದ್ದೀರಿ. ಮೂರು ಸಾಲು ಕೆಳಗೆ, ‘ಒಳ್ಳೆಯ ಆಹಾರ ಸಿಕ್ಕರೆ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ’ ಎಂದಿದ್ದೀರಿ. ಎರಡೂ ಸರಿ. ಆದರೆ ಎರಡೂ ಒಟ್ಟಿಗೆ ಸರಿಯಾಗುವುದು ಹೇಗೆ? ನಕಲು ಮುಗಿಯುವ ಮೊದಲೇ ಕೋಶ ಒಡೆದರೆ ಮರಿಗೆ ಸಿಗುವುದೇನು? ಓದುಗ ಇಲ್ಲಿ ನಿಂತೇ ನಿಲ್ಲುತ್ತಾನೆ, ನೀವು ಮಾತ್ರ ದಾಟಿಕೊಂಡು ಹೋಗಿಬಿಟ್ಟಿದ್ದೀರಿ.

ಲೆಕ್ಕ ಬಿಡಿಸಿ ಬರೆಯಿರಿ. ಉಂಗುರದಂಥ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಅಕ್ಷರಜೋಡಿ. ನಕಲು ಒಂದೇ ಜಾಗದಲ್ಲಿ ಶುರುವಾಗಿ ಎರಡು ದಿಕ್ಕಿಗೆ ಹರಿಯುತ್ತದೆ, ಎಳೆಗಳು ಬಿಚ್ಚಿಕೊಳ್ಳುವ ಒಂದೊಂದು ಕವಲೂ ಸೆಕೆಂಡಿಗೆ ಸುಮಾರು 1,000 ಅಕ್ಷರ ದಾಟುತ್ತದೆ. ಅರ್ಧ ಉಂಗುರ, 23 ಲಕ್ಷ, 2,300 ಸೆಕೆಂಡು: ನಿಮ್ಮ 40 ನಿಮಿಷ ಬಂತು. ನಕಲು ಮುಗಿದ ಮೇಲೆ ಕೋಶ ಒಡೆಯಲು ಇನ್ನೂ 20 ನಿಮಿಷ. ಒಟ್ಟು ಒಂದು ಗಂಟೆ. ಆದರೂ ಕೋಶ 20 ನಿಮಿಷಕ್ಕೊಮ್ಮೆ ಒಡೆಯುತ್ತದೆ. ಇದಕ್ಕೆ ಬ್ಯಾಕ್ಟೀರಿಯಾ ಕಂಡುಕೊಂಡ ದಾರಿ, ಮೊದಲ ಸುತ್ತು ಮುಗಿಯುವ ಮುಂಚೆಯೇ ಮುಂದಿನ ಸುತ್ತು ಶುರುಮಾಡುವುದು. ಹುಟ್ಟುವ ಮರಿಯ ಡಿಎನ್‌ಎ ಆಗಲೇ ಅರೆಬರೆ ನಕಲಾಗಿರುತ್ತದೆ. ಅಜ್ಜಿ ಕೋಶದಲ್ಲಿ ಆರಂಭವಾದ ಸುತ್ತು ಮೊಮ್ಮಗಳ ವಿಭಜನೆಗೆ ಒದಗುತ್ತದೆ. ಕೂಪರ್ ಮತ್ತು ಹೆಲ್ಮ್‌ಸ್ಟೆಟರ್ 1968ರಲ್ಲಿ ಇದನ್ನು ಬಿಡಿಸಿಟ್ಟರು. ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಇನ್ನು ಫೇಜ್ ಭಾಗ. ‘ವೈರಸ್ ಬರಿಗೈಯಲ್ಲಿ ಬಂದು ಕೋಶದ ಯಂತ್ರಗಳನ್ನೆಲ್ಲ ದೋಚುತ್ತದೆ’ ಎಂಬ ವಾಕ್ಯ ಹೊಡೆದುಹಾಕಿ. ಕಳ್ಳ, ದರೋಡೆಕೋರ, ಭಯೋತ್ಪಾದಕ ಎಂಬ ಬಿರುದುಗಳೂ ಬೇಡ. ಒಂದೊಂದು ಫೇಜಿನದು ಒಂದೊಂದು ಬಗೆ. ಲ್ಯಾಂಬ್ಡಾ ಹೆಚ್ಚಾಗಿ ಕೋಶದ ಸಲಕರಣೆಯನ್ನೇ ನೆಚ್ಚಿಕೊಂಡದ್ದು. ಎಳೆ ಬಿಡಿಸುವ ಕೋಶದ ಹೆಲಿಕೇಸನ್ನು ತನ್ನ ಡಿಎನ್‌ಎ ಕಡೆಗೆ ಎಳೆದುಕೊಳ್ಳಲು ಅದಕ್ಕೊಂದು ಸ್ವಂತ ಪ್ರೋಟೀನ್ ಇದೆ. ಟಿ7 ಫೇಜ್ ಅಕ್ಷರ ಜೋಡಿಸುವ ಕಿಣ್ವವಾದ ಪಾಲಿಮರೇಸನ್ನು ತನ್ನದೇ ಇಟ್ಟುಕೊಂಡಿದೆ, ಆದರೆ ಅದು ಒಂಟಿಯಾಗಿ ಕೆಲವೇ ಅಕ್ಷರ ಜೋಡಿಸಿ ಜಾರಿಬೀಳುತ್ತದೆ, ಇ. ಕೋಲೈಯ ಥಯೊರೆಡಾಕ್ಸಿನ್ ಎಂಬ ಪ್ರೋಟೀನ್ ಬಂದು ಕೂಡಿಕೊಂಡರೆ ನೂರಾರು ಅಕ್ಷರ ಬಿಡದೆ ಸಾಗುತ್ತದೆ. ಥಯೊರೆಡಾಕ್ಸಿನ್‌ಗೆ ಕೋಶದಲ್ಲಿ ಇರುವ ಕೆಲಸವೇ ಬೇರೆ! ಟಿ4 ಅಂತೂ ಪಾಲಿಮರೇಸ್, ಹೆಲಿಕೇಸ್, ತುಂಡು ಬೆಸೆಯುವ ಲೈಗೇಸ್ ಎಲ್ಲದರ ಜೀನುಗಳನ್ನೂ ಹೊತ್ತೇ ಬರುತ್ತದೆ.

ಟಿ4ಗೆ ಸ್ವಂತ ಲೈಗೇಸ್ ಇದೆ ಎಂಬುದಕ್ಕೆ ಸಾಕ್ಷಿ ನಿಮ್ಮ ಲೇಖನದಲ್ಲೇ ಅಡಗಿದೆ. ‘ಜಪಾನಿನ ವಿಜ್ಞಾನಿ ಒಕಜಾಕಿ ತುಣುಕುಗಳನ್ನು ಕಂಡುಹಿಡಿದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ವಿಜ್ಞಾನಿ ಒಬ್ಬರಲ್ಲ, ನಗೋಯಾದಲ್ಲಿ ಜೊತೆಯಾಗಿ ದುಡಿದ ಗಂಡ ಹೆಂಡತಿ, ರೇಜಿ ಮತ್ತು ಸುನೆಕೊ. ಪಾಲಿಮರೇಸ್ ಒಂದೇ ದಿಕ್ಕಿನಲ್ಲಿ ಅಕ್ಷರ ಜೋಡಿಸಬಲ್ಲದು. ಎರಡು ಎಳೆಗಳ ದಿಕ್ಕು ಮಾತ್ರ ಒಂದಕ್ಕೊಂದು ತಿರುಗುಮುರುಗು. ಹಾಗಾದರೆ ಎರಡನೆಯದರ ನಕಲು ಹೇಗೆ? ಅವರು ಕೆಲವೇ ಸೆಕೆಂಡು ಡಿಎನ್‌ಎ ಕಟ್ಟುವ ಕಚ್ಚಾವಸ್ತುವಾದ ಥೈಮಿಡಿನ್ಅನ್ನು ವಿಕಿರಣಶೀಲ ರೂಪದಲ್ಲಿ ಬ್ಯಾಕ್ಟೀರಿಯಾಗೆ ಕೊಟ್ಟು, ಡಿಎನ್‌ಎ ಹೊರತೆಗೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರು. ಗುರುತು ಕಂಡದ್ದು ಒಂದೆರಡು ಸಾವಿರ ಅಕ್ಷರಗಳ ಚೂರುಗಳಲ್ಲಿ. ಆಮೇಲೆ, ಶಾಖ ಕೊಟ್ಟರೆ ಲೈಗೇಸ್ ಕೆಡುವ ಟಿ4 ತಳಿಯಿಂದ ಬ್ಯಾಕ್ಟೀರಿಯಾಗೆ ಸೋಂಕು ತಗುಲಿಸಿದರು. ಬೆಸೆಯುವವರಿಲ್ಲದೆ ಚೂರುಗಳು ರಾಶಿಬಿದ್ದವು. ಬ್ಯಾಕ್ಟೀರಿಯಾ ಮತ್ತು ವೈರಸ್ ಎರಡೂ ಒಂದೇ ಮೇಜಿನ ಮೇಲೆ ಬಂದ ಈ ಪ್ರಯೋಗಕ್ಕೆ ಒಂದು ಪುಟವಾದರೂ ಕೊಡಿ. ಹಿರೋಷಿಮಾ ಬಾಂಬಿನ ವಿಕಿರಣಕ್ಕೆ ಸಿಕ್ಕಿದ್ದ ರೇಜಿ 1975ರಲ್ಲಿ, 44ನೇ ವಯಸ್ಸಿನಲ್ಲಿ ಲ್ಯುಕೇಮಿಯಾದಿಂದ ತೀರಿಕೊಂಡರು. ಸುನೆಕೊ ಕೆಲಸ ಮುಂದುವರಿಸಿದರು. ಇದನ್ನು ಬರೆಯುವುದಾದರೆ ಇಷ್ಟೇ ಬರೆಯಿರಿ, ವಿಶೇಷಣ ಸೇರಿಸಬೇಡಿ.

ಚಿಕ್ಕಪುಟ್ಟವು: ‘ಅದ್ಭುತ’ ಎಂಬ ಪದ ಎಲ್ಲಿದ್ದರೂ ತೆಗೆಯಿರಿ. ಹರ್ಷೆ–ಚೇಸ್ ಪ್ರಯೋಗ ಈ ಲೇಖನಕ್ಕೆ ಬೇಕಿಲ್ಲ. ಅದು ಡಿಎನ್‌ಎಯೇ ಆನುವಂಶಿಕ ವಸ್ತು ಎಂದು ತೋರಿಸಿದ್ದು, ನಕಲಿನ ಬಗ್ಗೆ ಏನೂ ಹೇಳುವುದಿಲ್ಲ. ನಿಮ್ಮ ಚಿತ್ರದಲ್ಲಿ ಎರಡೂ ಹೊಸ ಎಳೆಗಳ ಬಾಣ ಕವಲಿನ ಕಡೆಗೇ ಇದೆ. ಒಂದರದು ಕವಲಿನಿಂದ ದೂರ ಹೋಗಬೇಕು, ಅದೂ ತುಂಡುತುಂಡಾಗಿ. ಅದನ್ನು ತಿದ್ದಿ, ಲೇಖನವನ್ನು 1,200 ಪದದೊಳಗೆ ತಂದು ಮತ್ತೆ ಕಳಿಸಿ. ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ